ಸುತ್ತು ಹಾಕಬಹುದಾದ ಮನೆ

ತೊಂದರೆಯೆಲ್ಲ ಶುರುವಾದದ್ದು ಜಯತೀರ್ಥ ರಾತ್ರಿ ಊಟಕ್ಕೆ ಕೂತಾಗ "ಬರೇ ಐವತ್ತೆರಡು ನಿಮಿಷ" ಎಂದದ್ದರಿಂದ.

ಹ್ಯೂಸ್ಟನ್ನಿನ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುತ್ತಿದ್ದ ಅವನಿಗೆ ಆಗ, ಎಂದರೆ ಎರಡು ಸಾವಿರದ ನಾಲ್ಕರಲ್ಲಿ, ಐವತ್ತೊಂದು ವರ್ಷ. ತಂದೆ ಬ್ಯಾಂಕಿನಲ್ಲಿದ್ದವರು. ಗದಗ, ಬಾಗಲಕೋಟೆ, ರಾಯಚೂರು ಎಂದು ಎರಡು ವರ್ಷಕ್ಕೊಂದು ವರ್ಗ. ಹನ್ನೊಂದು ಬಾಡಿಗೆ ಮನೆಗಳಲ್ಲಿ ಬೆಳೆದ ಜಯತೀರ್ಥನಿಗೆ ಹನ್ನೊಂದರಲ್ಲೂ ಒಂದಲ್ಲ ಒಂದು ಗೋಡೆ ಪಕ್ಕದವರದಾಗಿತ್ತು. ಅಮೆರಿಕಕ್ಕೆ ಬಂದು ಅಪಾರ್ಟ್‌ಮೆಂಟು ಹಿಡಿದ ಮೇಲೆ ನೆಲ, ಸೂರು ಕೂಡ ಬೇರೆಯವರದಾದವು. ಬಾಗಿಲಿಂದ ಹೊರಟು ಒಂದು ಸುತ್ತು ಹಾಕಿ ಅದೇ ಬಾಗಿಲಿಗೆ ಬಂದು ನಿಲ್ಲಬಹುದಾದ ಮನೆಯೊಂದು ಬೇಕು ಎಂಬುದು ಅವನ ಬಹುದಿನದ ಆಸೆ.

ಮಗಳು ಅನಿಕಾ ಆಸ್ಟಿನ್ನಿಗೆ ಓದಲು ಹೋದ ಮೇಲೆ, ಒಳ್ಳೆಯ ಶಾಲೆಯ ಹತ್ತಿರವೇ ಇರಬೇಕೆಂಬ ಕಟ್ಟೂ ಬಿಚ್ಚಿತು. ಕಾಲೇಜಿಗೆ ದಿನಾ ಹೋಗಿಬರುವಷ್ಟು ದೂರದಲ್ಲಿ ಹಳ್ಳಿಮನೆ ಹುಡುಕತೊಡಗಿದ. ಎಂಟು ತಿಂಗಳಲ್ಲಿ ಹತ್ತೊಂಬತ್ತು ನೋಡಿದ. ಒಂದರ ಬಾವಿಯಲ್ಲಿ ನೀರಿರಲಿಲ್ಲ. ಇನ್ನೊಂದರ ನಡುಮನೆಯಲ್ಲಿ ಮಳೆ ಬಂದಾಗೆಲ್ಲ ನೀರಿರುತ್ತಿತ್ತು. ಮತ್ತೊಂದರ ಬೇಲಿಯಾಚೆ ನಾನೂರು ಹಂದಿಗಳಿದ್ದವು. ಮಾಲೀಕ, "ಗಾಳಿ ಈ ಕಡೆ ಬೀಸೋದು ಅಪರೂಪ" ಎಂದು ಮೂಗು ಹಿಡಿದುಕೊಂಡೇ ಹೇಳಿದ.

ಇಪ್ಪತ್ತನೆಯದು ಪಶ್ಚಿಮಕ್ಕೆ ನಲವತ್ತನಾಲ್ಕು ಮೈಲಿ ದೂರದ ಹಾರ್ಲನ್ ಕ್ರೀಕ್ ಎಂಬ ಹಳ್ಳಿಯಲ್ಲಿ. ಆರು ಎಕರೆ, ಬಿಳಿ ಬಣ್ಣದ ಮರದ ಮನೆ, ನಾಲ್ಕೂ ಕಡೆ ಜಗಲಿ. ಒಡತಿ ಮಿಸೆಸ್ ಹಾಲ್ಬ್ರುಕ್ ಎಪ್ಪತ್ತೆಂಟರ ಮುದುಕಿ. ಡಲ್ಲಾಸಿನ ತಂಗಿಯ ಮನೆಗೆ ಹೊರಟಿದ್ದಳು. ಜಯತೀರ್ಥ ಬೆಲೆ ಕೇಳುವುದನ್ನು ಮರೆತು ಮನೆಯನ್ನು ಮೂರು ಸುತ್ತು ಹಾಕಿದ್ದನ್ನು ಕಂಡು ಆಕೆಗೆ ಅವನ ಮೇಲೆ ಮಮತೆ ಹುಟ್ಟಿತು. "ಕೇಳುವವರು ಬೇರೆಯೂ ಇದ್ದಾರೆ. ಬುಧವಾರ ಸಂಜೆ ಐದರ ತನಕ ನಿಮಗೆಂದು ಇಟ್ಟಿರುತ್ತೇನೆ" ಎಂದಳು.

"ಎಷ್ಟಕ್ಕ ಹೊಂಟು ನೋಡಿದ್ರಿ, ಐವತ್ತೆರಡು ನಿಮಿಷ?" ಆ ರಾತ್ರಿ ಊಟ ಬಡಿಸುತ್ತ ಹೆಂಡತಿ ಗೀತಾ ಕೇಳಿದಳು.

"ಮುಂಜಾನೆ ಐದಕ್ಕ."

"ಯಾವ ವಾರ?"

ಜಯತೀರ್ಥ ಸಾರನ್ನು ಇನ್ನೊಮ್ಮೆ ಬಡಿಸಿಕೊಂಡ. "ರವಿವಾರ."

"ರವಿವಾರ ನಸುಕಿನ್ಯಾಗ ರಸ್ತೆದಾಗ ಯಾರಿರ್ತಾರ್ರಿ? ನಿಮ್ಮ ಕ್ಲಾಸು ಬುಧವಾರ ಎಂಟೂವರಿಗೆ ಅದ. ಬುಧವಾರ ಆ ಮನಿಯಿಂದ ಕಾಲೇಜಿಗೆ ಹೋಗಿ ನೋಡೂಣು. ನಾನೂ ಬರ್ತೀನಿ. ಒಂದು ತಾಸಿನೊಳಗ ಮುಟ್ಟಿದ್ವಿ ಅಂದ್ರ ನಂದೇನೂ ತಕರಾರಿಲ್ಲ."

ಈ ಮಾತು ಕೆಳಗಿನ ಮನೆಯ ನಾಗರಾಜ್ ಅವರ ಕಿವಿಗೂ ಬಿತ್ತು. ಮೈಸೂರಿನಲ್ಲಿ ರಸ್ತೆ ಇಲಾಖೆಯ ಎಂಜಿನಿಯರಾಗಿ ನಿವೃತ್ತರಾಗಿ ಮಗನ ಮನೆಯಲ್ಲಿದ್ದ ಅವರಿಗೆ ಅಮೆರಿಕದಲ್ಲಿ ತಿದ್ದಲು ರಸ್ತೆಗಳು ಬೇಕಾದಷ್ಟಿದ್ದವು, ಕೇಳುವವರು ಮಾತ್ರ ಇರಲಿಲ್ಲ. "ನಾನು ಟೈಮ್ ನೋಡ್ಕೋತೀನಿ, ನೀವು ಡ್ರೈವ್ ಮಾಡಿ" ಎಂದು ಬುಧವಾರ ಬೆಳಿಗ್ಗೆ ಐದಕ್ಕೇ ಸ್ವೆಟರ್ ಹಾಕಿಕೊಂಡು ಕಾರಿನ ಪಕ್ಕ ನಿಂತಿದ್ದರು. ಜೊತೆಗೆ ತಿರುಮಲ. ಬೆಂಗಳೂರಿನ ಈತ ಅದೇ ಕಾಲೇಜಿನ ಕೆಮಿಸ್ಟ್ರಿ ಮೇಷ್ಟ್ರು, ಜಯತೀರ್ಥನ ರೂಮಿನಲ್ಲೇ ಕೂರುವವನು.

"ನನ್ನ ಕಾರು ಗ್ಯಾರೇಜಲ್ಲಿದೆ ಸಾರ್. ಹೇಗೂ ನೀವು ಕೊನೆಗೆ ಕಾಲೇಜಿಗೇ ಬರೋದಲ್ವಾ?" ಎಂದ.

ನಾಲ್ಕು ಮೈಲಿ ದೂರದ ಕಾಲೇಜು ಸೇರಲು ಎಂಬತ್ತೆಂಟು ಮೈಲಿ ಸುತ್ತಲು ಸಿದ್ಧನಾದವನಿಗೆ ಬೇಡ ಎನ್ನಲು ಜಯತೀರ್ಥನಿಗೆ ಬಾಯಿ ಬರಲಿಲ್ಲ.

ಕತ್ತಲಿರುವಾಗಲೇ ಹೊರಟು ಹಾರ್ಲನ್ ಕ್ರೀಕ್ ತಲುಪಿದರು. ಆರು ಮುಕ್ಕಾಲಿಗೆ ಅಲ್ಲಿಂದ ತಿರುಗಿ ಹೊರಡಬೇಕು. ಆದರೆ ಮಿಸೆಸ್ ಹಾಲ್ಬ್ರುಕ್ ಜಗಲಿಯ ಮೇಲೆ ಕಾಫಿ, ಕೇಕು ಇಟ್ಟುಕೊಂಡು ಕಾಯುತ್ತಿದ್ದಳು. ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ನಾಗರಾಜ್ ವಿಚಾರಿಸಿದರು. ಇದೆ ಎಂದಳು. ಎಷ್ಟು ಎಂದು ಕೇಳಿದರು. ಆಕೆ ಪಾಕವಿಧಾನದ ಪುಸ್ತಕವನ್ನೇ ತಂದಳು. ಗೀತಾ ಅಷ್ಟರಲ್ಲಿ ಒಬ್ಬಳೇ ಜಗಲಿಯುದ್ದಕ್ಕೂ ನಡೆದು, ಮನೆಯ ಹಿಂದೆ ಮರೆಯಾಗಿ, ಇನ್ನೊಂದು ಕಡೆಯಿಂದ ಬಂದಳು. ಹಿಂದಿನ ಜಗಲಿಯ ಕಡೆ ಒಮ್ಮೆ ತಿರುಗಿ ನೋಡಿದಳು. ತಿರುಮಲ ಮಾತ್ರ, "ಏನ್ ಸಾರ್ ಇದು, ಕಾಡು ಇದ್ದಂಗಿದೆ" ಎಂದು ಶೂ ಒರೆಸಿಕೊಂಡ.

ಹೊರಟಾಗ ಏಳಾಗಿತ್ತು. "ಹದಿನೈದು ನಿಮಿಷ ಆಯ್ತು" ಎಂದರು ನಾಗರಾಜ್.

"ಅದು ಕಾಫಿ ಟೈಮ್ ಅಲ್ರೀ?" ಎಂದ ಜಯತೀರ್ಥ.

"ಹಳ್ಳಿ ಮನೇಲಿ ಕಾಫಿ ಕುಡಿಯದೆ ಹೊರಡ್ತೀರಾ? ಅದೂ ಸೇರುತ್ತೆ."

ಮೊದಲನೆಯ ತಿರುವಿನಲ್ಲೇ ಹುಲ್ಲಿನ ಉರುಳೆಗಳನ್ನು ಹೇರಿಕೊಂಡ ಟ್ರಾಕ್ಟರೊಂದು ಮದುವೆ ಮೆರವಣಿಗೆಯಂತೆ ಹೋಗುತ್ತಿತ್ತು. ಕಿರಿದಾದ ರಸ್ತೆ, ದಾಟುವಂತಿಲ್ಲ. ಐದು ಮೈಲಿ ಅದರ ಹಿಂದೆ ಬೀಗರಂತೆ ನಡೆದರು. ಟ್ರಾಕ್ಟರು ಹೊಲಕ್ಕಿಳಿಯಿತು ಎನ್ನುವಷ್ಟರಲ್ಲಿ ರೈಲ್ವೆ ಗೇಟು ಬಿತ್ತು. ತಿರುಮಲ ಡಬ್ಬಿ ಎಣಿಸತೊಡಗಿದ. ನೂರಹನ್ನೆರಡಕ್ಕೆ ರೈಲು ನಿಂತಿತು. ಸ್ವಲ್ಪ ಯೋಚಿಸಿ ಹಿಂದಕ್ಕೆ ಬಂತು. ಅವನು ಎಣಿಕೆ ಕಳೆಯುತ್ತ ಬಂದ.

ಗೇಟು ತೆರೆದಾಗ ಏಳೂ ನಲವತ್ತು. ಎಂಟೂವರೆಯ ಕ್ಲಾಸಿನಲ್ಲಿ ಅಂದು ಪರೀಕ್ಷೆ. ಪ್ರಶ್ನೆಪತ್ರಿಕೆಗಳೆಲ್ಲ ಕಾರಿನ ಹಿಂದಿನ ಸೀಟಿನಲ್ಲಿ ನಾಗರಾಜರ ತೊಡೆಯ ಮೇಲಿದ್ದವು. ಜಯತೀರ್ಥ ಕಾರಿನ ವೇಗ ಹೆಚ್ಚಿಸಿದ.

"ಎಡಕ್ಕೆ ತಗೊಳ್ಳಿ. ರಸ್ತೆ ಅಲೈನ್‌ಮೆಂಟ್ ನೋಡಿದ್ರೇ ಗೊತ್ತಾಗುತ್ತೆ, ಇದು ಸೀದಾ ಹೈವೇಗೆ ಸೇರುತ್ತೆ. ನಾನು ಮೂವತ್ತಾರು ವರ್ಷ ರಸ್ತೆ ಮಾಡಿದೀನಿ ಕಣ್ರೀ" ಎಂದರು ನಾಗರಾಜ್.

ಎಡಕ್ಕೆ ತಗೊಂಡ. ಡಾಂಬರು ಮುಗಿದು ಜಲ್ಲಿ ಬಂತು, ಜಲ್ಲಿ ಮುಗಿದು ಮಣ್ಣು ಬಂತು, ಮಣ್ಣು ಮುಗಿದು ಭತ್ತದ ಗದ್ದೆ ಬಂತು.

"ನಮ್ಮಲ್ಲಿ ಆಗಿದ್ರೆ ಇಲ್ಲೊಂದು ಸೇತುವೆ ಇರ್ತಿತ್ತು" ಎಂದರು ನಾಗರಾಜ್.

ಕಾರು ತಿರುಗಿಸಲು ಹೋದಾಗ ಹಿಂದಿನ ಚಕ್ರ ಕೆಸರಿಗಿಳಿದು, ಹಬ್ಬಕ್ಕೆ ಕರೆಯದ ಅಳಿಯನಂತೆ ಬಿಗಿದುಕೊಂಡು ಕೂತಿತು. ಜಯತೀರ್ಥ ಇಳಿದು ನೂಕಿದ. ಚಕ್ರ ತಿರುಗಿತು, ಕಾರು ಕದಲಲಿಲ್ಲ. ಗದ್ದೆಯ ಕೆಸರು ಮಾತ್ರ ಅವನ ಎದೆಯ ತನಕ ಬಂತು. ಅರ್ಧ ಗಂಟೆಯ ಮೇಲೆ ರೈತನೊಬ್ಬ ತನ್ನ ಗಾಡಿಗೆ ಸರಪಳಿ ಕಟ್ಟಿ ಎಳೆದು ಹಾಕಿ, ಟೋಪಿ ಮುಟ್ಟಿ ಹೋದ. ಹೈವೇ ಸೇರಿದಾಗ ಅಲ್ಲಿ ರಸ್ತೆ ಅಗಲ ಮಾಡುವ ಕೆಲಸ. ಕಣ್ಣು ಹಾಯುವಷ್ಟು ದೂರ ಕಾರುಗಳು ಅಂಟಿಕೊಂಡು ನಿಂತಿದ್ದವು.

"ದಿನಾ ಮೂರು ಗಂಟೆ ರೋಡಲ್ಲಿ ಕೂರೋದಾದ್ರೆ ಮನೆ ಯಾಕೆ ಸಾರ್ ಬೇಕು?" ತಿರುಮಲ ಹೇಳಿದ. "ಕಾರಲ್ಲೇ ಒಂದು ಸ್ಟವ್ ಇಟ್ಕೊಂಡ್ರೆ ಆಯ್ತು."

ಕಾಲೇಜು ತಲುಪಿದಾಗ ಒಂಬತ್ತು ಮೂವತ್ತೆಂಟು. "ಎರಡು ಗಂಟೆ ಐವತ್ತಮೂರು ನಿಮಿಷ" ಎಂದು ನಾಗರಾಜ್ ಪರೀಕ್ಷೆಯ ಫಲಿತಾಂಶದಂತೆ ಘೋಷಿಸಿದರು. ಜಯತೀರ್ಥ ಕೆಸರು ಬಟ್ಟೆಯಲ್ಲೇ ಓಡಿದ. ಕ್ಲಾಸು ಖಾಲಿ. ಬಾಗಿಲಲ್ಲಿ ಡೀನ್ ಮಿಸೆಸ್ ವಾಕರ್ ನಿಂತಿದ್ದಳು. ಅವನನ್ನು ಅಡಿಯಿಂದ ಮುಡಿಯ ತನಕ ನೋಡಿ, "ಹುಡುಗರನ್ನು ಕಳಿಸಿದೆ. ನಾಲ್ಕಕ್ಕೆ ನನ್ನ ರೂಮಿಗೆ ಬನ್ನಿ" ಎಂದು ಹೋದಳು. ಮುಖದಲ್ಲಿ ನಗುವಿರಲಿಲ್ಲ.

ಕ್ಯಾಂಟೀನಿನಲ್ಲಿ ಗೀತಾ ಒದ್ದೆ ಕಾಗದದಿಂದ ಅವನ ತೋಳು ಒರೆಸಿದಳು. ಅವಳು ಗೆದ್ದವಳಂತೆ ಮಾತಾಡಿದ್ದರೆ ಅವನು ಜಗಳವಾದರೂ ಆಡುತ್ತಿದ್ದ. "ನಾ ಏನೂ ಹೇಳೂದಿಲ್ರಿ. ನಿಮಗ ಬಿಟ್ಟದ್ದು" ಎಂದು ನಾಗರಾಜರನ್ನು ಕರೆದುಕೊಂಡು ಕಾರು ತೆಗೆದುಕೊಂಡು ಹೋದಳು.

ಮಧ್ಯಾಹ್ನವೆಲ್ಲ ಜಯತೀರ್ಥ ಡೀನ್ ಏನು ಹೇಳಬಹುದೆಂದು ಯೋಚಿಸುತ್ತ ಕೂತ. ಕೆಲಸವೇ ಹೋದರೆ ಸುತ್ತು ಹಾಕುವ ಮನೆ ಇಟ್ಟುಕೊಂಡು ಏನು ಮಾಡುವುದು? ಮೂರೂ ನಲವತ್ತಕ್ಕೆ ಫೋನ್ ಎತ್ತಿ ಹಾರ್ಲನ್ ಕ್ರೀಕಿಗೆ ಮಾಡಿದ. "ನಿಮ್ಮ ಮನೆ ತುಂಬ ಚೆನ್ನಾಗಿದೆ" ಎಂದು ಶುರುಮಾಡಿದ. ಮುದುಕಿಗೆ ಅಷ್ಟರಲ್ಲೇ ಅರ್ಥವಾಯಿತು. "ನೀವೇ ಬರುತ್ತೀರಿ ಅಂದುಕೊಂಡಿದ್ದೆ" ಎಂದಳು.

ಎದುರು ಮೇಜಿನಲ್ಲಿದ್ದ ತಿರುಮಲ ತಲೆಯೆತ್ತಿದ. "ಪಕ್ಕಾ ಬೇಡವಾ ಸಾರ್?"

"ಬ್ಯಾಡ್ರಿ. ಮುಗೀತು."

"ಒಳ್ಳೇ ಕೆಲಸ ಮಾಡಿದ್ರಿ" ಎಂದ ತಿರುಮಲ ಮೊಬೈಲು ತೆಗೆದುಕೊಂಡು, ಒಂದು ಫೋನ್ ಮಾಡಬೇಕು ಎಂದು ಹೊರಗೆ ಹೋದ.

ನಾಲ್ಕಕ್ಕೆ ಡೀನ್ ಕೂರಲು ಹೇಳಿದಳು. ಈಗ ನಗುತ್ತಿದ್ದಳು, ಜಯತೀರ್ಥನಿಗೆ ಇನ್ನೂ ಭಯವಾಯಿತು.

"ಬೆಳಗಿನದು ಬಿಡಿ, ಪರೀಕ್ಷೆಯನ್ನು ಶುಕ್ರವಾರಕ್ಕೆ ಹಾಕಿದ್ದೇನೆ. ನೀವು ಎಲ್ಲಿಂದ ಬಂದಿರೆಂದು ತಿರುಮಲ ಹೇಳಿದರು. ಹಾರ್ಲನ್ ಕ್ರೀಕಿನಲ್ಲಿ ಮನೆ ಕೊಳ್ಳುತ್ತಿದ್ದೀರಂತೆ. ಆಗಸ್ಟಿನಲ್ಲಿ ಅಲ್ಲಿಯ ಹಳೆ ಶಾಲೆಯ ಕಟ್ಟಡದಲ್ಲಿ ನಮ್ಮ ಹೊಸ ಶಾಖೆ ಶುರುವಾಗುತ್ತದೆ. ಅಷ್ಟು ದೂರ ಹೋಗಲು ಇಲ್ಲಿ ಒಬ್ಬರೂ ಒಪ್ಪುತ್ತಿಲ್ಲ. ನಿಮಗೆ ಮನೆಯಿಂದ ನಡೆದುಹೋಗುವಷ್ಟು ಹತ್ತಿರ. ನೀವೇ ಮುಖ್ಯಸ್ಥರಾಗಬೇಕು."

"ಆಗಲಿ" ಎಂದಿತು ಜಯತೀರ್ಥನ ಬಾಯಿ. ಕೈ ಕುಲುಕಿ, ಮೆಟ್ಟಿಲನ್ನು ಎರಡೆರಡಾಗಿ ಇಳಿದು ಬಂದು ಫೋನ್ ಎತ್ತಿದ. ನಾಲ್ಕೂ ಇಪ್ಪತ್ತು. ಐದಕ್ಕೆ ಇನ್ನೂ ಹೊತ್ತಿತ್ತು.

"ಅಯ್ಯೋ" ಎಂದಳು ಮಿಸೆಸ್ ಹಾಲ್ಬ್ರುಕ್. "ನೀವು ಫೋನಿಟ್ಟ ಐದು ನಿಮಿಷಕ್ಕೆ ಇನ್ನೊಬ್ಬರಿಗೆ ಮಾತು ಕೊಟ್ಟೆನಲ್ಲ. ಬೆಳಿಗ್ಗೆ ನಿಮ್ಮ ಜೊತೆ ಬಂದಿದ್ದರು, ಶೂ ಒರೆಸಿಕೊಳ್ಳುತ್ತಿದ್ದವರು."

ತಿರುಮಲ ಬಾಗಿಲಲ್ಲೇ ನಿಂತಿದ್ದ. "ನೀವು ಬೇಡ ಅಂದ್ರಲ್ಲ ಸಾರ್, ಅದಕ್ಕೇ ಸುಮ್ನೆ ಕೇಳಿ ನೋಡಿದೆ" ಎಂದ. "ಬೆಳಿಗ್ಗೆಯಿಂದ ಅದೇ ತಲೇಲಿತ್ತು. ನಿಮ್ಮ ಮನೆಗೆ ಅಡ್ಡ ಬರಬಾರದು ಅಂತ ಬೈಕೊಂಡು ಕೂತಿದ್ದೆ." ಅವನ ದನಿಯಲ್ಲಿ ಮೋಸವಿರಲಿಲ್ಲ. ಮೋಸವಿದ್ದಿದ್ದರೆ ಜಯತೀರ್ಥನಿಗೆ ಎಷ್ಟೋ ಸುಲಭವಾಗುತ್ತಿತ್ತು.

ಮನೆಯಲ್ಲಿ ಗೀತಾ ಎಲ್ಲವನ್ನೂ ಕೇಳಿದಳು. "ಆ ಹಿಂದಿನ ಜಗಲಿ ಮ್ಯಾಲೆ ಎರಡು ಖುರ್ಚಿ ಹಾಕಬೇಕಂತ ಮಾಡಿದ್ದೆ" ಎಂದಳು.

"ಮುಂಜಾನೆ ಯಾಕ ಹೇಳಲಿಲ್ಲ?"

"ನಿಮಗ ಬಿಟ್ಟದ್ದು ಅಂದಿದ್ನಲ್ರಿ. ನೀವು ಹೂಂ ಅಂತೀರಿ ಅಂದ್ಕೊಂಡಿದ್ದೆ."

ಆಗಸ್ಟಿನಿಂದ ಜಯತೀರ್ಥ ದಿನಾ ಬೆಳಿಗ್ಗೆ ಅಪಾರ್ಟ್‌ಮೆಂಟಿನಿಂದ ಹಾರ್ಲನ್ ಕ್ರೀಕಿಗೆ ನಲವತ್ತನಾಲ್ಕು ಮೈಲಿ ಡ್ರೈವ್ ಮಾಡುತ್ತಾನೆ. ಬೆಳಗಿನ ಹೊತ್ತು ಊರಿನಿಂದ ಹಳ್ಳಿಯ ಕಡೆಗೆ ಹೋಗುವವರೇ ಇಲ್ಲದ ಕಾರಣ ರಸ್ತೆ ಖಾಲಿ; ಸರಿಯಾಗಿ ಐವತ್ತೆರಡು ನಿಮಿಷ. ಎದುರುಗಡೆಯ ಸಾಲಿನಲ್ಲಿ ನಿಂತ ನೂರಾರು ಕಾರುಗಳಲ್ಲಿ ಎಲ್ಲೋ ಒಂದು ಕಡೆ ತಿರುಮಲನದೂ ಇರುತ್ತದೆ.

ಮೊದಲ ವಾರ ಕಳೆದ ಮೇಲೆ ತಿರುಮಲ ಸಂಜೆ ಫೋನ್ ಮಾಡಿದ. "ಪುಣ್ಯವಂತರು ಸಾರ್ ನೀವು. ನನಗೆ ಇವತ್ತು ಎರಡೂವರೆ ಗಂಟೆ ಹಿಡೀತು."

"ಹೌದ್ರಿ" ಎಂದ ಜಯತೀರ್ಥ.

ತಿರುಮಲನ ಮಾತಿನ ಹಿಂದೆ ಯಾವುದೋ ಹಕ್ಕಿ ಬಿಟ್ಟುಬಿಟ್ಟು ಕೂಗುತ್ತಿತ್ತು. ಅವನು ಜಗಲಿಯ ಮೇಲೆ ಕೂತೇ ಮಾತಾಡುತ್ತಿರಬೇಕು. ಅದು ಯಾವ ಹಕ್ಕಿ ಎಂದು ಜಯತೀರ್ಥನಿಗೆ ಕೇಳಬೇಕೆನಿಸಿತು. ಕೇಳಲಿಲ್ಲ. ತಿರುಮಲ ಮಾತು ಮುಗಿಸಿದ ಮೇಲೂ, ಅವನು ಫೋನಿಡುವ ತನಕ, ಆ ಕೂಗಿಗೆ ಕಿವಿಗೊಟ್ಟು ಕೂತಿದ್ದ.