ಮಣ್ಣು ನೋಡೋನಿಗೆ ಹೆಣ್ಣು ಕೊಡೋದು

ಹಣ್ಣಿನ ಗಿಡಕ್ಕೆ ಮಣ್ಣು ಆಗುತ್ತೋ ಇಲ್ಲವೋ ನೋಡಿ ಹೇಳುವುದು ನನ್ನ ಕೆಲಸ. ಅರಸೀಕೆರೆ, ಬೇಲೂರು ಸೀಮೆಯಲ್ಲಿ ನನ್ನಷ್ಟು ಮಣ್ಣು ಕಂಡವರು ಎರೆಹುಳ ಬಿಟ್ಟರೆ ಇನ್ಯಾರೂ ಇಲ್ಲ. ಆದರೂ ಗುದ್ದಲಿ ಹಿಡಿದು ಹೋದಲ್ಲೆಲ್ಲ ಒಂದಲ್ಲ ಒಂದು ಫಜೀತಿ. ಅದರ ಮೇಲೆ ಆ ವರ್ಷ ಹಳೇಬೀಡಿನಲ್ಲಿ ನನಗೊಂದು ಹೆಣ್ಣು ನೋಡಿದ್ದರು. ನಾನು ಒಪ್ಪಿಯಾಗಿತ್ತು. "ಹುಡುಗನಿಗೆ ಕೆಲಸ ಬರುತ್ತೋ ನೋಡ್ತೀನಿ" ಅಂತ ಅವರಪ್ಪ ಮಾತ್ರ ಬಿಗಿ ಹಿಡಿದಿದ್ದರು. ಮೊಬೈಲು ಇಲ್ಲದ ಕಾಲ. ನಾನೆಲ್ಲಾದರೂ ಎಡವಿದರೆ ಸುದ್ದಿ ಬಸ್ಸು ಹತ್ತಿ ಹಳೇಬೀಡು ಸೇರುತ್ತಿತ್ತು.

೧. ನೊರೆ

ಜಾವಗಲ್ಲಿನ ರೈತರೊಬ್ಬರ ಹೊಲದಲ್ಲಿ ಮಣ್ಣಿನ ಹೆಂಟೆಯ ಮೇಲೆ ಎರಡು ಹನಿ ಆಸಿಡ್ ಬಿಟ್ಟೆ. ಬುಸ್ಸೆಂದು ನೊರೆ ಬಂತು. ಸುಣ್ಣ ಜಾಸ್ತಿ, ಮಾವಿಗೆ ಆಗದು ಎಂದರ್ಥ. ನಾನು ಬಾಯಿ ಬಿಡುವುದರೊಳಗೆ ಅವರು ಪಕ್ಕದ ಹೊಲದವನಿಗೆ, "ನೋಡ್ಲಾ, ನಮ್ಮ ಮಣ್ಣಿಗೆ ಎಂಥಾ ಕಸುವೈತೆ" ಎಂದರು.

ಪಕ್ಕದವನ ಮಣ್ಣಿಗೆ ಬಿಟ್ಟರೆ ಒಂದು ಗುಳ್ಳೆಯೂ ಇಲ್ಲ. ಅಪ್ಪಟ ಮಾವಿನ ಮಣ್ಣು. ಎಷ್ಟು ಹೇಳಿದರೂ ಅವನ ಮುಖ ಮೇಲೇಳಲಿಲ್ಲ. "ನಾಳೆ ಬನ್ನಿ ಸಾರ್, ಇನ್ನೊಂದ್ಸಲ ನೋಡೋರಂತೆ."

ಮಾರನೇ ದಿನ ಎರಡೇ ಹನಿಗೆ ಅವನ ಹೊಲವೂ ಕುದಿಯಿತು. ಪುಣ್ಯಾತ್ಮ ಮನೆ ಗೋಡೆಯ ಸುಣ್ಣವನ್ನೆಲ್ಲ ಕೆರೆದು ತಂದು ಚೆಲ್ಲಿದ್ದ.

೨. ಪರೀಕ್ಷೆಗೆ ಬಂದ ಮಣ್ಣು

ಗಂಡಸಿ ಊರಿನ ಯಜಮಾನರೊಬ್ಬರಿಗೆ ಮಣ್ಣು ತನ್ನಿ ಎಂದರೆ ಜರಡಿ ಹಿಡಿದು, ಹಿಟ್ಟಿನಂತೆ ಮಾಡಿ ತಂದರು. ಒಳಗೊಂದು ಊದುಕಡ್ಡಿಯ ಚೂರು.

"ಇದ್ಯಾವ ಹೊಲದ್ದು?"

"ತುಳಸಿಕಟ್ಟೇದು. ಪರೀಕ್ಷೆಗೆ ಹೋಗೋ ಮಣ್ಣಲ್ವಾ, ಚೆನ್ನಾಗಿರೋದನ್ನೇ ತಂದೆ."

"ಮಾವಿನ ಗಿಡ ಎಲ್ಲಿ ಇಡ್ತೀರಿ?"

"ಹೊಲದಲ್ಲಿ. ಕಟ್ಟೇಲಿ ಜಾಗ ಎಲ್ಲೈತೆ?"

೩. ಬದುವಿನ ಮೇಲೆ

ಕೊನೆಗೆ ಹಳೇಬೀಡಿನಿಂದ ಕರೆ ಬಂತು. ಹುಡುಗಿಯ ಅಪ್ಪ ಕಾಫಿಯನ್ನೂ ಕೊಡದೆ ನೇರ ಹೊಲದ ಬದುವಿಗೆ ಕರೆದೊಯ್ದರು. ಎಡಗಡೆ ಕೈ ತೋರಿಸಿ, "ಇಲ್ಲಿ ಸಪೋಟ ಇಡೋ ಯೋಚನೆ ನಡೀತೈತೆ. ಹೆಂಗೈತೆ ಮಣ್ಣು, ಹೇಳಿ" ಎಂದರು.

ಗುದ್ದಲಿ ಹಾಕಿದೆ. ಒಂದಡಿಗೇ ಠಣ್ ಅಂತ ಬಂಡೆ. ಆಗುತ್ತೆ ಎಂದರೆ ಹುಡುಗಿ ಸಿಗುತ್ತಾಳೆ, ಗಿಡ ಸಾಯುತ್ತೆ. ಆಗಲ್ಲ ಎಂದರೆ ಹುಡುಗಿ ಹೋದಳು. ಆದರೆ ಮಣ್ಣಿನ ವಿಷಯದಲ್ಲಿ ಸುಳ್ಳು ನನ್ನ ಬಾಯಿಗೆ ಬರಬೇಕಲ್ಲ.

"ಸಪೋಟ ಇರಲಿ, ಇಲ್ಲಿ ಪಾಪಾಸುಕಳ್ಳಿ ಬರೋದಿದ್ರೂ ಎರಡು ಸಲ ಯೋಚನೆ ಮಾಡುತ್ತೆ" ಎಂದೆ.

ನನ್ನ ಕಥೆ ಮುಗಿಯಿತು ಎಂದುಕೊಂಡು ಗುದ್ದಲಿ ಒರೆಸತೊಡಗಿದೆ. ಆಗ ಹೆಗಲ ಮೇಲೆ ಕೈ ಬಿತ್ತು.

"ಇದು ನಮ್ಮ ದಾಯಾದಿ ಹೊಲ. ನಮ್ದು ಬಲಗಡೇದು. ಹುಡುಗಿ ನಿಮಗೇ. ಈಗ ಆ ಮಾತನ್ನ ಇನ್ನೊಂದ್ಸಲ ಗಟ್ಟಿಯಾಗಿ ಹೇಳಿ ಅಳಿಯಂದ್ರೇ, ಅವನು ಅಗೋ ಆ ಮರದತ್ರ ಎಮ್ಮೆ ಕಟ್ತಾ ಅವ್ನೆ, ಕೇಳಿಸಿಲ್ಲ ಅಂತ ಕಾಣುತ್ತೆ."