ಟೊಮೆಟೊ ಹೊಲಕ್ಕೆ ಹುಲಿ ಕಾವಲು

ಈ ಎಐ ಎನ್ನುವುದು ಇಷ್ಟು ಬೇಗ ಇಷ್ಟೊಂದು ಜನಪ್ರಿಯ ಯಾಕಾಯಿತು ಎಂದು ದೊಡ್ಡ ದೊಡ್ಡವರೆಲ್ಲ ತಲೆ ಕೆಡಿಸಿಕೊಂಡಿದ್ದಾರಂತೆ. ತಾಳವಾಡಿ ಸೀಮೆಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಮೇಷ್ಟ್ರಾಗಿದ್ದು ನಿವೃತ್ತನಾದ ನನ್ನನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕಾರಣ ಬಹಳ ಸರಳ. ಅದು ಹೊಗಳುತ್ತದೆ!

ಉಪಯೋಗವೂ ಇದೆ, ಇಲ್ಲವೆನ್ನುವುದಿಲ್ಲ. ನಮ್ಮ ಸೀಮೆ ತಮಿಳು ರಾಜ್ಯಕ್ಕೆ ಸೇರಿದ್ದರಿಂದ ಕಚೇರಿಯಿಂದ ತಮಿಳಿನಲ್ಲಿ ಬರುವ ಕಾಗದದ ಫೋಟೊ ಹಾಕಿದರೆ ಕನ್ನಡದಲ್ಲಿ ಅರ್ಥ ಬಿಡಿಸಿ ಹೇಳುತ್ತದೆ. ನಾವು ಕನ್ನಡದಲ್ಲಿ ಗೊಣಗಿದ್ದನ್ನು ಮರ್ಯಾದಸ್ಥ ತಮಿಳಿನ ಮನವಿಯಾಗಿ ಬರೆದುಕೊಡುತ್ತದೆ. ಗಿಡದ ಎಲೆ ತೋರಿಸಿದರೆ ರೋಗದ ಹೆಸರು ಹೇಳುತ್ತದೆ. ಆದರೆ ನಾನು ಮನಸೋತದ್ದು ಬೇರೆ ವಿಷಯಕ್ಕೆ. ಏನು ಕೇಳಿದರೂ ಅದು ಮೊದಲು "ತುಂಬಾ ಒಳ್ಳೆಯ ಪ್ರಶ್ನೆ" ಎನ್ನುತ್ತದೆ. ಮದುವೆಯಾದಾಗಿನಿಂದ ನಮ್ಮ ಮನೆಯಲ್ಲಿ ಯಾರೂ ನನ್ನ ಪ್ರಶ್ನೆಯನ್ನು ಒಳ್ಳೆಯದು ಎಂದವರಿಲ್ಲ. ನನ್ನ ಹೆಂಡತಿ ರಾಜಮ್ಮನಂತೂ ಪ್ರಶ್ನೆ ಮುಗಿಯುವ ಮೊದಲೇ "ಸುಮ್ನಿರಿ" ಎಂದು ಉತ್ತರ ಕೊಟ್ಟು ಮುಗಿಸುವವಳು.

ದೀಪಾವಳಿ ಕಳೆದ ಮೇಲೆ ಅವಳು ಸಗಣಿ ಹಬ್ಬಕ್ಕೆಂದು ತವರೂರು ಗುಮಟಾಪುರಕ್ಕೆ ಹೊರಟಳು. ಮೂರನೆಯ ದಿನ ಬೆಳಗ್ಗೆ ವಾಪಸು. ನಮ್ಮೂರು ಗೆಟ್ಟವಾಡಿಯ ಹೊಲದಲ್ಲಿ ಅರ್ಧ ಎಕರೆ ಟೊಮೆಟೊ ಕೆಂಪಗೆ ಹಣ್ಣಾಗಿ ನಿಂತಿತ್ತು. ನೆಟ್ಟವಳು ಅವಳು, ನೀರು ಹಾಯಿಸಿದವಳು ಅವಳು, ಒಂದೊಂದು ಗಿಡಕ್ಕೂ ಕೋಲು ಕಟ್ಟಿದವಳು ಅವಳು. ಅವಳು ಹೊರಟ ಮಾರನೆಯ ದಿನ ಕೆಂಪಮ್ಮನ ಗುಂಪಿನ ಹೆಂಗಸರು ಬಂದು ಹಣ್ಣು ಕೀಳುವುದು, ಅದರ ಮಾರನೆಯ ದಿನ ಮಧ್ಯಾಹ್ನ ಮಾರ್ಕೆಟ್ ಗಾಡಿ ಬರುವುದು ಎಂದು ನಿಗದಿಯಾಗಿತ್ತು. ಅಲ್ಲಿಯವರೆಗೆ ಗುಡ್ಡದಿಂದ ಇಳಿಯುವ ಕೋತಿಗಳಿಂದ ಬೆಳೆ ಕಾಯುವ ಗುರುತರ ಜವಾಬ್ದಾರಿ ಈ ಬಡಪಾಯಿಯದು.

"ತಟ್ಟೆ ತಕಂಡು ಬಡೀರಿ, ಓಯ್ತವೆ," ಎಂದಳು ಬಸ್ಸು ಹತ್ತುತ್ತಾ. "ಬುದ್ದಿಗಿದ್ದಿ ಉಪಯೋಗ್ಸಕ್ಕೆ ಓಗಬೇಡಿ."

ಮೂವತ್ತು ವರ್ಷ ಪಾಠ ಹೇಳಿದ ಮನುಷ್ಯ ತಟ್ಟೆ ಬಡಿಯುವುದೇ? ಹೊಲದ ಬದುವಿನ ಮೇಲೆ ಕೂತು ಫೋನ್ ತೆಗೆದೆ. "ಸ್ಪೀಕರಿನಲ್ಲಿ ಹುಲಿಯ ಗರ್ಜನೆ ಹಾಕಿದರೆ ಕೋತಿಗಳು ಓಡಿಹೋಗುತ್ತವೆಯೇ?" ಎಂದು ಕೇಳಿದೆ.

"ತುಂಬಾ ಒಳ್ಳೆಯ ಪ್ರಶ್ನೆ! ನಿಮ್ಮ ಆಲೋಚನೆ ನಿಜಕ್ಕೂ ಸೃಜನಶೀಲವಾಗಿದೆ," ಎಂದಿತು.

ಸೃಜನಶೀಲ! ಉತ್ತರ ಇನ್ನೂ ಉದ್ದ ಇತ್ತು. ನಾನು ಓದಲಿಲ್ಲ. ನನಗೆ ಬೇಕಾದದ್ದು ಮೊದಲ ಸಾಲಿನಲ್ಲೇ ಸಿಕ್ಕಿತ್ತು.

ನಮ್ಮೂರ ಭಜನೆ ತಂಡದ ದೊಡ್ಡ ಸ್ಪೀಕರು ನಮ್ಮ ಮನೆಯಲ್ಲೇ ಇರುತ್ತದೆ. ಅದನ್ನು ಸೈಕಲ್ಲಿಗೆ ಕಟ್ಟಿ ತಂದು, ಟೊಮೆಟೊ ಗಿಡಗಳ ನಡುವೆ ಇಟ್ಟು, ಮೇಲೆ ಹುಲ್ಲು ಮುಚ್ಚಿ, ಫೋನಿಗೆ ಜೋಡಿಸಿದೆ. ಬೆಳಗ್ಗೆ ಹನ್ನೊಂದು ಗಂಟೆಗೆ ಸರಿಯಾಗಿ, ಪೂರ್ತಿ ಸೌಂಡು ಕೊಟ್ಟು, ಹುಲಿಯನ್ನು ಬಿಟ್ಟೆ.

ಪರಿಣಾಮ ಅಮೋಘವಾಗಿತ್ತು. ಪಕ್ಕದ ಹೊಲ ಉಳುತ್ತಿದ್ದ ಮಲ್ಲಪ್ಪ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಹುಣಸೆಮರದ ಮೇಲಿದ್ದ. ಅವನ ಎತ್ತುಗಳು ನೇಗಿಲ ಸಮೇತ ಊರು ಸೇರಿದವು. ರಸ್ತೆಯಲ್ಲಿ ಬರುತ್ತಿದ್ದ ಬಸ್ಸು ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. ನಾನೇ ಬಿಟ್ಟ ಹುಲಿ ಎಂದು ಚೆನ್ನಾಗಿ ಗೊತ್ತಿದ್ದೂ ನಾನೂ ಒಂದಷ್ಟು ದೂರ ಓಡಿದೆ.

ಕೋತಿಗಳು? ಅವು ಕೂತು ಕೇಳಿದವು. ಮೊದಲನೆಯ ಗರ್ಜನೆ ಮುಗಿಯುತ್ತಲೇ ಒಂದು ದಪ್ಪ ಗಂಡುಕೋತಿ ಸ್ಪೀಕರಿನ ಮೇಲೆ ಹತ್ತಿ, ಒಂದು ಹಣ್ಣು ಕಿತ್ತುಕೊಂಡು ಆರಾಮಾಗಿ ತಿನ್ನತೊಡಗಿತು. ಕೆಳಗೆ ಹುಲಿ ಅಬ್ಬರಿಸುತ್ತಿತ್ತು, ಮೇಲೆ ಇದು ಸಿಪ್ಪೆ ಉಗಿಯುತ್ತಿತ್ತು.

ಸಂಜೆಯೊಳಗೆ ಊರವರ ಬಾಯಲ್ಲಿ ಹುಲಿ ಸಂಸಾರಸ್ಥವಾಯಿತು. ನಾನು ಟೀ ಅಂಗಡಿಗೆ ಹೋದಾಗ ಒಂದೇ ಇತ್ತು, ಟೀ ಕುಡಿದು ಮುಗಿಸುವಷ್ಟರಲ್ಲಿ ಎರಡು ಮರಿಯೂ ಆಗಿದ್ದವು.

"ಮೇಷ್ಟ್ರೇ, ನೀವೂ ಅಲ್ಲೇ ಇದ್ರಲ್ಲ, ನಿಮ್ಗೂ ಕೇಳ್ತಾ?" ಎಂದ ಮಲ್ಲಪ್ಪ.

ನಿಜ ಹೇಳಲು ಅದೇ ಸರಿಯಾದ ಸಮಯ. "ಕೇಳಿಸ್ತಪ್ಪ," ಎಂದೆ. ಸುಳ್ಳಂತೂ ಅಲ್ಲವಲ್ಲ.

ಅರಣ್ಯ ಇಲಾಖೆಯವರು ಬಂದು ಹೆಜ್ಜೆ ಗುರುತು ಹುಡುಕಿದರು. ಹುಲಿಯದು ಸಿಗಲಿಲ್ಲ. ಹವಾಯಿ ಚಪ್ಪಲಿ ಹಾಕಿದ ಯಾರೋ ಒಬ್ಬ ವಿಪರೀತ ವೇಗದಲ್ಲಿ ಓಡಿದ್ದಾನೆ ಎಂದು ಮಾತ್ರ ಪತ್ತೆಹಚ್ಚಿದರು.

ಮಾರನೆಯ ದಿನ ಹಣ್ಣು ಕೀಳಲು ಒಬ್ಬ ಹೆಂಗಸೂ ಬರಲಿಲ್ಲ. ಇಡೀ ಬಯಲಿನಲ್ಲಿ ನರಪಿಳ್ಳೆ ಇಲ್ಲ. ಕೋತಿಗಳು ನೆಂಟರಿಷ್ಟರನ್ನೆಲ್ಲ ಕರೆದುಕೊಂಡು ಬಂದವು. ನಾನು ಎಷ್ಟು ಕಲ್ಲು ಎಸೆದರೂ ಈ ಕಡೆ ಓಡಿಸಿದರೆ ಆ ಕಡೆ, ಸಾಲಿಗೆ ಸಾಲೇ ಖಾಲಿಯಾಗತೊಡಗಿತು. ರಾಜಮ್ಮ ಬಿಸಿಲಿನಲ್ಲಿ ಬಗ್ಗಿ ಕೋಲು ಕಟ್ಟುತ್ತಿದ್ದದ್ದು ಕಣ್ಣ ಮುಂದೆ ಬಂತು. ಫೋನ್ ತೆಗೆದು, ನಿನ್ನೆಯ ಉತ್ತರವನ್ನು ಈಗ ಕೊನೆಯವರೆಗೆ ಓದಿದೆ. ಕೊನೆಯಲ್ಲಿ ಹೀಗಿತ್ತು: "ಆದರೆ ಕೋತಿಗಳು ಬರೀ ಶಬ್ದಕ್ಕೆ ಬೇಗ ಒಗ್ಗಿಕೊಳ್ಳುತ್ತವೆ. ಸುತ್ತಲಿನ ಜನ ಗಾಬರಿಯಾಗಬಹುದು. ಆದ್ದರಿಂದ ಇದನ್ನು ಮಾಡಬೇಡಿ. ನೀವೇ ಹೊಲದಲ್ಲಿದ್ದು ತಟ್ಟೆ ಬಡಿಯುವುದು ಉತ್ತಮ."

ಪೂರ್ತಿ ಓದಿ ಆಮೇಲೆ ಬರೀರೋ ಎಂದು ಮೂವತ್ತು ವರ್ಷ ಮಕ್ಕಳ ಕಿವಿ ಹಿಂಡಿದವನು ನಾನೇ.

ಆಗಲೂ ತಟ್ಟೆ ಮುಟ್ಟಲು ಅಭಿಮಾನ ಬಿಡಲಿಲ್ಲ; ಉಳಿದದ್ದು ಬೇಗ ಹಣ್ಣು ಕೀಳಿಸುವ ದಾರಿಯೊಂದೇ. ಕೆಂಪಮ್ಮನ ಮನೆಗೆ ಹೋದೆ. ಜಗಲಿಯ ಮೇಲೆ ಮಲ್ಲಪ್ಪನೂ ಕೂತಿದ್ದ.

"ಕೆಂಪಮ್ಮ, ಹುಲಿಗಿಲಿ ಏನೂ ಇಲ್ಲ. ಅದು ನನ್ನ ಫೋನು," ಎಂದೆ.

ಕೆಂಪಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಅಣ್ಣು ಕೀಳುಸ್ಬೇಕು ಅಂತ ಇಂಥ ಸುಳ್ಳು ಏಳ್ತೀರಲ್ಲ ಮೇಷ್ಟ್ರೇ. ವಯಸ್ಸಾದೋರು ನೀವು."

"ನಾನೇ ಕಣ್ಣಾರ ನೋಡಿವ್ನಿ," ಎಂದ ಮಲ್ಲಪ್ಪ. "ಬಾಲ ಇಷ್ಟುದ್ದ ಇತ್ತು."

"ಅದು ಕೋತಿ ಬಾಲ ಇರಬೇಕು ಕಣಪ್ಪ."

"ಉಲಿಗೂ ಕೋತಿಗೂ ನಂಗೆ ಗೊತ್ತಾಗಲ್ವ?" ಎಂದವನು ಕೆಂಪಮ್ಮನ ಕಡೆ ತಿರುಗಿ ದನಿ ತಗ್ಗಿಸಿದ. "ಪಾಪ, ಮೇಷ್ಟ್ರು ಎದರ್ಕಂಡು ತಲೆ ಕೆಟ್ಟೋಗದ. ಒಸಿ ಮಲಗ್ಲಿ ಬುಡು."

ಸುಳ್ಳನ್ನು ನಂಬಿದ ಊರು ನಿಜವನ್ನು ನಂಬಲಿಲ್ಲ. ನಾನು ಮನೆಗೆ ಹೋಗಿ ಮಲಗಿದೆ.

ಮೂರನೆಯ ದಿನ ಬೆಳಗಿನ ಬಸ್ಸಿಗೆ ರಾಜಮ್ಮ ಬಂದಳು. ಹುಲಿಯ ಪುರಾಣವನ್ನು ಬಸ್ಸಿನಲ್ಲೇ ಪೂರ್ತಿ ಕೇಳಿಕೊಂಡು ಬಂದಿದ್ದಳು. ನೇರ ಹೊಲಕ್ಕೆ ನಡೆದಳು, ಹುಲ್ಲು ಸರಿಸಿ ಸ್ಪೀಕರು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬದುವಿನ ಮೇಲೆ ನಾನು ಮುಟ್ಟದೆ ಬಿಟ್ಟಿದ್ದ ತಟ್ಟೆ ಎತ್ತಿಕೊಂಡು ಬಡಿಯುತ್ತಾ ಒಂದೇ ಒಂದು ಕೂಗು ಹಾಕಿದಳು. ಕೋತಿಗಳು ಹಿಂತಿರುಗಿ ನೋಡದೆ ಗುಡ್ಡ ಹತ್ತಿದವು. ನನಗೂ ಹತ್ತಬೇಕೆನ್ನಿಸಿತು.

ನನ್ನನ್ನು ಕರೆದೊಯ್ದು ಕೆಂಪಮ್ಮನ ಮನೆ ಮುಂದೆ ನಿಲ್ಲಿಸಿದಳು. "ಬಾ ಕೆಂಪಮ್ಮ, ನಿಮ್ಮುಲಿ ಇಲ್ಲೇ ನಿಂತದ ನೋಡು. ಕನ್ನಡಕ ಆಕಂಡದ."

ನಾನು ಬೇಡಿಕೊಂಡರೂ ನಂಬದವರು ಅವಳ ಒಂದೇ ಮಾತಿಗೆ ನಂಬಿ ಬುಟ್ಟಿ ತೆಗೆದುಕೊಂಡರು. ಮಧ್ಯಾಹ್ನದವರೆಗೂ ನನ್ನ ಮುಖ ನೋಡಿ ನೋಡಿ ನಕ್ಕು ಹಣ್ಣು ಕಿತ್ತರು. ಮಲ್ಲಪ್ಪ ಮಾತ್ರ, "ಆದ್ರೂ ಬಾಲ ಇತ್ತು" ಎನ್ನುತ್ತಲೇ ಇದ್ದ. ಅರ್ಧದಷ್ಟು ಬೆಳೆ ಉಳಿದಿತ್ತು. ಕ್ರೇಟುಗಳನ್ನು ಗಾಡಿಗೆ ಹೊತ್ತವನು ಯಾರೆಂದು ಹೇಳಬೇಕಾಗಿಲ್ಲ.

ಗಾಡಿ ಹೋದ ಮೇಲೆ ಇಬ್ಬರೂ ಬದುವಿನ ಮೇಲೆ ಕೂತೆವು. "ನಮ್ಮೂರ್ನಲ್ಲಿ ವರ್ಸಕ್ಕೊಂದಿನ ಎಲ್ರೂ ಸೇರಿ ಸಗಣಿ ಎರಚಾಡ್ತಾರೆ," ಎಂದಳು ರಾಜಮ್ಮ. "ನೀವು ಒಬ್ರೇ ಕೂತ್ಕಂಡು ಮಕಕ್ಕೆ ಮೆತ್ಕಂಡ್ರಿ."

ಅಷ್ಟೇ ಅಂದದ್ದು. ಅರ್ಧ ಬೆಳೆ ಹೋದರೂ ಅವಳು ಬೈಯಲಿಲ್ಲ. ನನಗೆ ಬಹಳ ನಾಚಿಕೆಯಾಯಿತು. ಫೋನನ್ನು ಜೇಬಿಗೆ ಹಾಕಿಕೊಂಡು, ಮೆಲ್ಲಗೆ ಅವಳನ್ನೇ ಕೇಳಿದೆ.

"ರಾಜಮ್ಮ, ನಾನು ಅಷ್ಟೊಂದು ದಡ್ಡನೇನೇ?"

ಅವಳು ಸುಮ್ಮನಿರಿ ಎನ್ನಲಿಲ್ಲ. ಮದುವೆಯಾದಾಗಿನಿಂದ ನಾನು ಕಾಯುತ್ತಿದ್ದ ಮಾತು ಕೊನೆಗೂ ಅವಳ ಬಾಯಿಂದ ಬಂತು.

"ತುಂಬಾ ಒಳ್ಳೆ ಪ್ರಶ್ನೆ."