ಮಗಳ ಬಗ್ಗೆ ಒಂದು ಪುಟ

ಅರ್ಜಿ ಅನ್ನುವುದೇ ನಮ್ಮ ಮನೆಗೆ ಆಗಿಬರುವುದಿಲ್ಲ. ಪ್ರತಿ ಸಲ ಒಂದಲ್ಲ ಒಂದು ರಾದ್ಧಾಂತ. 2003ರ ಸುಮಾರಿಗೆ, ಸ್ವೀಡನ್ನಿನ ಸೋಲ್ನಾದಲ್ಲೇ ಬೆಳೆದ ನಮ್ಮ ಮಗಳು ಇಂಗ್ಲೆಂಡಿನಲ್ಲಿ ಲಾ ಓದುತ್ತೇನೆ ಅಂತ ಹೊರಟಳು. ಅಂಕಗಳು ಚೆನ್ನಾಗಿದ್ದವು. ಆದರೆ ಕಾಲೇಜಿನವರು "ನಿಮ್ಮ ಬಗ್ಗೆ ಒಂದು ಪುಟ ಬರೆಯಿರಿ" ಅಂದಿದ್ದರು. ಆ ಪುಟ ಕೆಟ್ಟರೆ ಸೀಟು ಹೋದಂತೆಯೇ.

ಮೂರು ಸಾಲು

ಮಗಳು ವಾರವಿಡೀ ಕೂತು ಬರೆದಳು: "ನನಗೆ ಕಾನೂನು ಇಷ್ಟ. ಓದಿನಲ್ಲಿ ಪರವಾಗಿಲ್ಲ. ನನಗಿಂತ ಜಾಣರು ನಮ್ಮ ಕ್ಲಾಸಿನಲ್ಲೇ ಇದ್ದಾರೆ."

"ಏನು ಮಾರಾಯ್ತಿ ಇದು!" ಅಂತ ತಲೆ ಚಚ್ಚಿಕೊಂಡೆ.

"ಅಪ್ಪಾ, ಇಲ್ಲಿ ಯಾರೂ ತಮ್ಮನ್ನು ತಾವೇ ಹೊಗಳ್ಕೊಳ್ಳಲ್ಲ. ಅಸಹ್ಯ."

"ಹಾಗಾದ್ರೆ ಆ ಜಾಣರ ವಿಳಾಸನೂ ಕೊಟ್ಟುಬಿಡು. ಕಾಲೇಜಿನವರಿಗೆ ಹುಡುಕೋ ಶ್ರಮ ತಪ್ಪುತ್ತೆ."

ಅಮ್ಮನ ಕೈಚಳಕ

"ಕೊಡಿ ಇಲ್ಲಿ," ಅಂತ ಹೆಂಡತಿ ಪೆನ್ನು ಕಿತ್ತುಕೊಂಡಳು. ಒಬ್ಬರ ಪರಿಚಯ ಬರೆಯುವುದೆಂದರೆ ಅವಳಿಗೆ ಗೊತ್ತಿದ್ದದ್ದು ಒಂದೇ, ಅವಳ ಮದುವೆಗೆ ಮಾವನವರು ಊರೆಲ್ಲ ಹಂಚಿದ್ದ ಬಯೋಡೇಟಾ. ಬರೆದಳು: "ಐದಡಿ ಮೂರಂಗುಲ, ಗೋಧಿ ಬಣ್ಣ, ಅಡುಗೆ ಬರುತ್ತದೆ, ಮನೆತನದಲ್ಲಿ ಯಾರಿಗೂ ಸಕ್ಕರೆ ಕಾಯಿಲೆಯಿಲ್ಲ."

"ಅಮ್ಮಾ, ಇದು ಲಾ ಕಾಲೇಜು!"

"ಇರಲಿ ಬಿಡೇ. ಅಲ್ಲೂ ಒಳ್ಳೆ ಹುಡುಗರು ಇರ್ತಾರೆ."

ಟೀಚರ ಹೊಗಳಿಕೆ

ಶಿಫಾರಸು ಪತ್ರವಾದರೂ ಕಾಪಾಡೀತು ಅಂದುಕೊಂಡೆ. ಮಗಳ ಸ್ವೀಡಿಷ್ ಟೀಚರು ಬರೆದದ್ದು ಇಷ್ಟೇ: "ಹುಡುಗಿ ಸಮಯಕ್ಕೆ ಸರಿಯಾಗಿ ಬರುತ್ತಾಳೆ." ಫಿಕಾ ಅನ್ನುವ ಇಲ್ಲಿನ ಕಾಫಿ ಬಿಡುವಿನ ಹೊತ್ತಿಗೆ ಹೋಗಿ, ಅವರು ಕೊಟ್ಟ ಕಾಫಿ ಕುಡಿದು, "ಇನ್ನೂ ಸ್ವಲ್ಪ ಹೊಗಳಬಹುದಿತ್ತು ಮೇಡಂ," ಅಂತ ಕೈಮುಗಿದೆ.

ಅವರ ಮುಖ ಕೆಂಪಾಯಿತು. "ಇದೇ ಅತಿಯಾಯಿತೇನೋ ಅಂತ ನನಗೆ ರಾತ್ರಿಯಿಂದ ಮುಜುಗರ!"

ಅನ್ಯಾಯ

ಕೊನೆಯ ದಿನ ಬಂತು. ನೀವು ಅನುಭವಿಸಿದ ಅನ್ಯಾಯವೊಂದನ್ನು ಬರೆದರೆ ಒಳ್ಳೆಯದು ಅಂತ ಸೂಚನೆಯಲ್ಲಿತ್ತು. "ನನಗೆ ಯಾವ ಅನ್ಯಾಯನೂ ಆಗಿಲ್ಲ," ಅಂತ ಮಗಳು ಅಳತೊಡಗಿದಳು. ಅಯ್ಯೋ ದೇವರೇ, ಇಷ್ಟು ಚೆನ್ನಾಗಿ ಸಾಕಿದ್ದೇ ಅವಳಿಗೆ ಮುಳುವಾಯಿತಲ್ಲ ಅಂತ ನನಗೂ ಅಳು ಬಂತು. ಯಾವ ಅನ್ಯಾಯ ಹಾಕೋಣ ಅಂತ ನಾನೂ ಹೆಂಡತಿಯೂ ಜಗಳಕ್ಕೆ ಬಿದ್ದೆವು. ಮಗಳು ಬಾಗಿಲು ಹಾಕಿಕೊಂಡು ಏನೋ ಟೈಪ್ ಮಾಡಿ ಕಳಿಸಿಬಿಟ್ಟಳು.

ಎರಡು ತಿಂಗಳಿಗೆ ಸೀಟು ಸಿಕ್ಕಿತು! ಏನು ಬರೆದಿದ್ದೆ ಅಂತ ಗೋಗರೆದಾಗ ಓದಿದಳು: "ನನ್ನ ಬಗ್ಗೆ ಬರೆಯಬೇಕಾದ ಈ ಪುಟಕ್ಕಾಗಿ ಅಪ್ಪ ಅಮ್ಮ ಮೂರು ವಾರ ಕಿತ್ತಾಡಿದರು. ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ."

ನನಗೆ ತಲೆ ಎತ್ತಲಾಗಲಿಲ್ಲ. ಹೆಂಡತಿ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡು ಹೆಮ್ಮೆಯಿಂದ ಅಂದಳು: "ನೋಡಿದ್ರಾ, ನಾವಿಲ್ಲದಿದ್ರೆ ಇವಳಿಗೆ ಬರೆಯೋಕೆ ಏನಿತ್ತು?"